ಎಡೆಬರೆಯ ಹಗ್ಗ

2024ರ ಏಪ್ರಿಲ್ 18, ಗುರುವಾರ. ಮಧ್ಯಾಹ್ನ 1.40ಕ್ಕೆ ಬೆನ್ಸನ್ ಟೌನ್ ಹತ್ತಿರದ ಪೊಲೀಸ್ ಠಾಣೆಗೆ ಮಜೀದಾ ಎಂಬ ಹೆಂಗಸು ಚಪ್ಪಲಿಯೂ ಇಲ್ಲದೆ ಓಡಿ ಬಂದಳು. ಚುನಾವಣಾ ಬಂದೋಬಸ್ತಿಗೆ ಹೋಗಿ ಅರ್ಧ ಠಾಣೆ ಖಾಲಿ. ಇನ್‌ಸ್ಪೆಕ್ಟರ್ ಶಿವಪುತ್ರ ಊಟದ ಡಬ್ಬಿಯ ಮುಚ್ಚಳ ತೆಗೆದಿದ್ದರು, ಇನ್ನೂ ಕೈಯಿಟ್ಟಿರಲಿಲ್ಲ.

"ಸಾಬ್, ನಮ್ ಬಿಲ್ಡಿಂಗ್ ಹಿಂದಿನ ಗಲ್ಲೀಲಿ ನಾಲ್ಕನೇ ಫ್ಲೋರ್ ಸುಗತ ಸಾರ್ ಬಿದ್ಬಿಟ್ಟಿದಾರೆ. ಉಸಿರಿಲ್ಲ. ಮೈಗೆ ಹಗ್ಗ ಕಟ್ಟಿದೆ!"

"ಕುತ್ತಿಗೆಗಾ?"

"ಇಲ್ಲ ಸಾಬ್, ಎದೆಗೆ. ಕಂಕುಳ ಕೆಳಗೆ."

ಶಿವಪುತ್ರ ಡಬ್ಬಿ ಮುಚ್ಚಿದರು. ಕುತ್ತಿಗೆಗೆ ಹಗ್ಗ ಬಿಗಿದುಕೊಂಡವರನ್ನು ಅವರು ಬೇಕಾದಷ್ಟು ನೋಡಿದ್ದರು. ಎದೆಗೆ ಕಟ್ಟಿಕೊಂಡು ಸತ್ತವನನ್ನು ನೋಡಿರಲಿಲ್ಲ.

2.05ಕ್ಕೆ ಸ್ಥಳದಲ್ಲಿದ್ದರು. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಮುನಿಲಕ್ಷ್ಮಮ್ಮ. ಇಪ್ಪತ್ತೆರಡು ವರ್ಷದ ಸರ್ವಿಸು, ಬಾಯಿಗೆ ಬೀಗವಿಲ್ಲ, ಕಣ್ಣಿಗೂ ಇಲ್ಲ. ಸುಗತನಿಗೆ ನಲವತ್ತಾರು ವರ್ಷ. ಕಾಡಿನ ಜನರ ಬಗ್ಗೆ ಪುಸ್ತಕ ಬರೆದು, ವಿಡಿಯೋ ಮಾಡಿ ಹೆಸರು ಮಾಡಿದವನು. ತಲೆ ಒಡೆದಿತ್ತು. ಎದೆಗೆ ಬಿಗಿದ ನೀಲಿ ಹಗ್ಗದ ಉಳಿದ ಉದ್ದವೆಲ್ಲ ಅವನ ಮೇಲೆಯೇ ಸುರುಳಿಯಾಗಿ ಬಿದ್ದಿತ್ತು.

ಇಬ್ಬರು ಪಂಚರನ್ನು ಕರೆದು ಪಂಚನಾಮೆ ಶುರುಮಾಡಿದರು. ಫ್ಲ್ಯಾಟಿನ ಬಾಗಿಲಿಗೆ ಒಳಗಿನಿಂದ ಚಿಲಕ, ಒಡೆದೇ ಒಳಹೊಕ್ಕರು. ಬಾಲ್ಕನಿಯ ಟೇಬಲ್ಲಿನ ಮೇಲೆ ಅರ್ಧ ತಿಂದ ತಟ್ಟೆ, ಕಂಬಿಯ ಬಣ್ಣ ಹೊಸದಾಗಿ ಕೆತ್ತಿಹೋದ ಗುರುತು. ಮೇಲೆ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಒಂದು ಕಂಬಕ್ಕೆ ಕಟ್ಟಿದ ಇನ್ನೊಂದು ನೀಲಿ ಹಗ್ಗ ಬಾಲ್ಕನಿಯವರೆಗೆ ಇಳಿಬಿದ್ದಿತ್ತು. ಪಕ್ಕದ ಕಂಬದ ಸುತ್ತ ಹಗ್ಗ ಉಜ್ಜಿ ಸುಣ್ಣ ಎದ್ದಿತ್ತು.

"ಹೊಸಾ ಹಗ್ಗ ಸಾರ್," ಎಂದಳು ಮುನಿಲಕ್ಷ್ಮಮ್ಮ. "ಬಿಚ್ಕೊಂಡು ಹೋಗೋಕೆ ಒಂದು ನಿಮಿಷ ಸಾಕಿತ್ತು. ಬಿಟ್ಟೋಗಿದಾನೆ ಅಂದ್ರೆ ದಡ್ಡ, ಇಲ್ಲಾ ಸಾಹುಕಾರ."

"ಸಾಹುಕಾರ ಟ್ಯಾಂಕ್ ಹತ್ತಲ್ಲಮ್ಮ."

ಕೆಳಗೆ ಬಂದು ಮಜೀದಾಳನ್ನು ಕೇಳಿದರು.

"ಮೇಲೆ ಯಾರು ಹೋಗಿದ್ರು?"

"ಹನ್ನೆರಡೂವರೆಗೆ ಇಬ್ಬರು ಬಂದ್ರು ಸಾಬ್. ಹೆಲ್ಮೆಟ್ ಹಾಕ್ಕೊಂಡಿದ್ದ ಒಬ್ಬ, ಜೊತೇಲಿ ಒಂದ್ ಹೆಂಗಸು. ಟ್ಯಾಂಕ್ ತೊಳೀತೀವಿ ಅಂದ್ರು. ಓನರ್‌ಗೆ ಆರು ತಿಂಗಳಿಂದ ಬಡ್ಕೊಂಡಿದೀವಿ, ಕೊನೆಗೂ ಕಳಿಸಿದ್ನಲ್ಲ ಅಂತ ನಾನೇ ಗೇಟ್ ತೆಗ್ದೆ."

"ಏನಾದ್ರೂ ಕೇಳಿಸ್ತಾ?"

"ಸುಗತ ಸಾರ್ ಕೂಗ್ತಿದ್ರು. 'ನಾನೇ ಕಳಿಸಿದ್ದು, ನಾನೇ ಕಳಿಸಿದ್ದು' ಅಂತ. ಯಾವಾಗ್ಲೂ ವಿಡಿಯೋ ಮಾಡ್ತಾರಲ್ಲ, ಪ್ರಾಕ್ಟೀಸ್ ಅಂದ್ಕೊಂಡೆ."

ಸಂಜೆ 4.15ಕ್ಕೆ ಐಪಿಸಿ 302ರ ಅಡಿ ಎಫ್‌ಐಆರ್ ಆಯಿತು. ಎರಡೂ ಹಗ್ಗದ ತುದಿಯಲ್ಲಿ ನಂಬರಿನ ಪಟ್ಟಿಯಿತ್ತು. ಯಾರು ಮಾರಿದ್ದು, ಯಾರು ಕೊಂಡದ್ದು ಎಂದು ಹುಡುಕಲು ಒಬ್ಬ ಪೇದೆಯನ್ನು ಕೂರಿಸಿ, ಶಿವಪುತ್ರ ಸುಗತನ ಕಪಾಟಿನಿಂದ ತಂದಿದ್ದ, ಅವನೇ ಬರೆದ ಪುಸ್ತಕ ಬಿಚ್ಚಿದರು. ಹಿಂದಿನ ವರ್ಷ ಅಚ್ಚಾದದ್ದು. ಎಡೆಬರೆ ಎಂಬ ಹಾಡಿಯ ವೃತ್ತಾಂತ.

ಘಟ್ಟದ ದಟ್ಟ ಮಳೆಕಾಡಿನೊಳಗೆ ಹತ್ತೊಂಬತ್ತು ಮನೆ. ಜೀಪು ನಿಂತ ಮೇಲೆ ಒಂಬತ್ತು ಕಿಲೋಮೀಟರ್ ನಡಿಗೆ. ಮರದ ನೆತ್ತಿಗಳು ಹೆಣೆದುಕೊಂಡು ನಡುಹಗಲಲ್ಲೂ ಬಿಸಿಲು ನೆಲಕ್ಕೆ ಚೂರುಚೂರಾಗಿಯೇ ಬೀಳುವ ಜಾಗ. ಯಾವ ನಕ್ಷೆಯಲ್ಲೂ ಹೆಸರಿಲ್ಲ. ಜನಗಣತಿಯವರು ಪಕ್ಕದ ಊರಿನ ಲೆಕ್ಕಕ್ಕೆ ಸೇರಿಸಿ ಕೈತೊಳೆದುಕೊಂಡಿದ್ದಾರೆ. ಅಲ್ಲಿನ ಗಂಡಸರು ಬಂಡೆಯ ನೆತ್ತಿಯಿಂದ ಹಗ್ಗದಲ್ಲಿ ಇಳಿದು ಹೆಜ್ಜೇನು ಕೊಯ್ಯುತ್ತಾರೆ. ಮೇಲೆ ಹಗ್ಗ ಕಾಯುವವನು ಹೆಂಡತಿಯ ತಮ್ಮನೇ ಆಗಬೇಕು. ಒಡಹುಟ್ಟಿದ ಅಣ್ಣನೂ ಆಗದು, ಗೆಳೆಯನೂ ಆಗದು. ಅಕ್ಕನ ತಾಳಿ ಕೀಳಲು ಯಾವ ತಮ್ಮನಿಗೂ ಮನಸ್ಸು ಬರುವುದಿಲ್ಲ ಎಂಬ ನಂಬಿಕೆ.

ಮುಂದಿನ ಪುಟದಲ್ಲಿ ಒಂದು ಸಾಲು: ಸಾವು ಕಂಡ ಹಗ್ಗವನ್ನು ಹಾಡಿಗೆ ಒಯ್ಯುವಂತಿಲ್ಲ, ಸತ್ತಲ್ಲೇ ಬಿಡಬೇಕು.

ಶಿವಪುತ್ರ ಆ ಸಾಲನ್ನು ಮುನಿಲಕ್ಷ್ಮಮ್ಮನಿಗೆ ಓದಿ ಹೇಳಿದರು.

"ಹಂಗಾದ್ರೆ ದಡ್ಡ ಅಲ್ಲ," ಎಂದಳು ಆಕೆ. "ಆ ಊರಿನೋನು."

ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಒಂದು ಸಾವು ಇತ್ತು. 2022ರ ಏಪ್ರಿಲಿನಲ್ಲಿ, ಸುಗತ ಚಿತ್ರೀಕರಿಸುತ್ತಿದ್ದಾಗಲೇ, ಮುತ್ತ ಎಂಬವನು ಬಂಡೆಯಿಂದ ಬಿದ್ದು ಸತ್ತ. 'ಹಗ್ಗ ಕಾಯಬೇಕಿದ್ದ ಬಾಮೈದ ಬೊಳ್ಳ, ಕುಡಿದ ಅಮಲಿನಲ್ಲಿ ಹಗ್ಗ ಬಿಟ್ಟು ಕೆಳಗಿಳಿದು ಹೋಗಿದ್ದ' ಎಂದು ಬರೆದು, ಬೊಳ್ಳನ ಫೋಟೋ ಹಾಕಿದ್ದ.

ಶುಕ್ರವಾರ ಬೆಳಿಗ್ಗೆ ಹಗ್ಗದ ನಂಬರು ಇಂದಿರಾನಗರಕ್ಕೆ ಕರೆದೊಯ್ದಿತು. ಎತ್ತರದ ಕಟ್ಟಡಗಳ ಗಾಜು ಒರೆಸುವ ಒಂದು ಸಣ್ಣ ಕಂಪನಿ. ಸೂಪರ್‌ವೈಸರ್ ಸೈಫ್ ರಿಜಿಸ್ಟರ್ ತೆಗೆದ.

"ಈ ಎರಡು ಹಗ್ಗ ಬೊಳ್ಳನ ಹೆಸ್ರಲ್ಲಿದೆ ಸಾರ್. ನಿನ್ನೆಯಿಂದ ರಜ. ಏನ್ ಮಾಡ್ದ?"

"ಹೆಂಗೆ ಮನುಷ್ಯ?"

"ಚಿನ್ನ ಸಾರ್. ಹದಿನೆಂಟನೇ ಫ್ಲೋರಿಂದ ಮೆಟ್ಲು ಇಳ್ದಂಗೆ ಇಳೀತಾನೆ. ಒಂದೇ ಕಾಟ, ಮೇಲೆ ಇನ್ನೊಬ್ಬರ ಹಗ್ಗ ಕಾಯೋ ಕೆಲ್ಸ ಕೊಟ್ರೆ ಜಾಗ ಬಿಟ್ಟು ಅಲ್ಲಾಡಲ್ಲ. ಊಟಕ್ಕೂ ಇಲ್ಲ, ಒಂದಕ್ಕೂ ಇಲ್ಲ. ಹುಡುಗರು ಕಂಬ ಅಂತ ಕರೀತಾರೆ."

11.50ಕ್ಕೆ ಕೆ.ಆರ್. ಪುರದ ಬಾಡಿಗೆ ಕೋಣೆ. ಬಾಗಿಲು ತೆರೆದೇ ಇತ್ತು. ಬೊಳ್ಳ ಗೋಡೆಗೊರಗಿ ಕೂತಿದ್ದ. ಪಕ್ಕದಲ್ಲಿ ಅವನ ಅಕ್ಕ, ಸತ್ತ ಮುತ್ತನ ಹೆಂಡತಿ ಚೋಮಿ. ಮಡಿಲಲ್ಲಿ ಕೈ ಮುಚ್ಚಿಟ್ಟುಕೊಂಡಿದ್ದಳು. ಓಡಿಹೋಗುವ ಯಾವ ಗಡಿಬಿಡಿಯೂ ಇಬ್ಬರಲ್ಲಿ ಇರಲಿಲ್ಲ.

"ನಾನೇ ಬಿಟ್ಟೆ ಸಾರ್," ಎಂದ ಬೊಳ್ಳ, ಕೇಳುವ ಮೊದಲೇ. "ನಮ್ಮಕ್ಕಂಗೆ ಏನೂ ಗೊತ್ತಿಲ್ಲ."

"ಮೊದಲಿಂದ ಹೇಳು. ಆವತ್ತು ಬಂಡೆ ಮೇಲೆ ಏನಾಯ್ತು?"

"ನಾನು ಕುಡಿದಿರಲಿಲ್ಲ. ಕ್ಯಾಮೆರಾ ಬ್ಯಾಟರಿ ಮುಗೀತು ಅಂದ ಸುಗತ. ಹೊಳೆ ಹತ್ರ ಡೇರೆಯಿಂದ ತಗಂಬಾ, ಹಗ್ಗ ನಾನಿಡ್ಕೋತೀನಿ ಅಂದ. ಒಲ್ಲೆ ಅಂದೆ. ಎರಡೇ ನಿಮಿಷ, ನಾನೂ ನಿಮ್ಮೋನೇ ಅಲ್ವಾ ಅಂದ. ಹೋದೆ. ತಪ್ಪು ನಂದೂ ಐತೆ. ತಿರುಗಿ ನೋಡ್ತೀನಿ, ಫೋನಲ್ಲಿ ಫೋಟೋ ಹಿಡೀತಾ ನಿಂತವ್ನೆ. ಕೈಲಿ ಹಗ್ಗ ಇಲ್ಲ."

"ಊರೋರಿಗೆ ಹೇಳ್ಲಿಲ್ವಾ?"

"ನಾನು ಹೊಳೆ ಹತ್ರ ಇದ್ದಿದ್ದು ಊರೆಲ್ಲ ನೋಡಿತ್ತು. 'ನಾನು ಕಳಿಸ್ಲೇ ಇಲ್ಲ' ಅಂದ ಅವನು. ಬುಕ್ಕಲ್ಲೂ ಹಾಕ್ದ. ಅಕ್ಕ ಎರಡು ವರ್ಷ ನನ್ ಮುಖ ನೋಡ್ಲಿಲ್ಲ. ಒಂದ್ಸಲ ಬಾ, ಅವನ ಬಾಯಿಂದ್ಲೇ ಕೇಳಿಸ್ತೀನಿ ಅಂತ ಕರೆಸ್ದೆ."

ಶಿವಪುತ್ರ ಜೇಬಿನಿಂದ ಸ್ಥಳದ ನಕಾಶೆ ತೆಗೆದು ಅವನ ಮುಂದಿಟ್ಟರು.

"ನೀನು ಒಂದು ಹಗ್ಗದಲ್ಲಿ ಬಾಲ್ಕನಿಗೆ ಇಳಿದೆ. ಅವನ ಎದೆಗೆ ಇನ್ನೊಂದು ಬಿಗಿದು ಕಂಬಿ ದಾಟಿಸಿದೆ. ಆ ಹಗ್ಗದ ತುದಿ ಮೇಲೆ ಟ್ಯಾಂಕಿನ ಕಂಬದ ಹತ್ರ. ನೀನು ಕೆಳಗೆ ನಿಂತು ಅವನ್ನ ಮಾತಾಡಿಸ್ತಿದ್ದೆ. ಮೇಲೆ ಹಿಡಿದಿದ್ದು ಯಾರಪ್ಪ?"

ಮುನಿಲಕ್ಷ್ಮಮ್ಮ ಚೋಮಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ಕೈಗಳನ್ನು ಮೆಲ್ಲಗೆ ತಿರುಗಿಸಿದಳು. ಎರಡೂ ಅಂಗೈಯ ಚರ್ಮ ಅಡ್ಡಡ್ಡ ಸುಲಿದು ಕೆಂಪಾಗಿತ್ತು.

"ಅವನ್ನ ಕಂಬಿ ದಾಟಿಸ್ದಾಗ ಹಗ್ಗ ಜಾರ್ತು," ಎಂದಳು ಚೋಮಿ. ಅದು ಅವಳ ಮೊದಲ ಮಾತು. "ಕೈ ಸುಟ್ರೂ ಬಿಡ್ಲಿಲ್ಲ. ಕಂಬಕ್ಕೆ ಎರಡು ಸುತ್ತಿತ್ತು, ಹಿಡಿದೆ. 'ನಾನೇ ಕಳಿಸಿದ್ದು' ಅಂತ ಅಷ್ಟೊತ್ತಿಗೆ ಅವನು ಕೂಗ್ದ. 'ಹಗ್ಗ ಕೆಳಗಿಟ್ಟಿದ್ದೂ ನಾನೇ' ಅಂದ. 'ಸಾಕು, ಮೇಲೆ ಎಳ್ಕೋ ಅಕ್ಕ' ಅಂದ ನನ್ ತಮ್ಮ."

"ಅಕ್ಕ, ಸುಮ್ನಿರು!"

"ನೀನ್ ಸುಮ್ನಿರು."

ಶಿವಪುತ್ರ ಅವಳ ಮುಖ ನೋಡಿದರು. "ಅವನು ಒಪ್ಕೊಂಡಿದ್ನಲ್ಲಮ್ಮ. ಯಾಕೆ ಬಿಟ್ಟೆ?"

"ಒಪ್ಕೊಂಡಿದ್ದಕ್ಕೇ ಬಿಟ್ಟೆ."

ಮಧ್ಯಾಹ್ನ 12.30ಕ್ಕೆ ಇಬ್ಬರನ್ನೂ ದಸ್ತಗಿರಿ ಮಾಡಿದರು. ಠಾಣೆಯಲ್ಲಿ ಸ್ವಇಚ್ಛಾ ಹೇಳಿಕೆ ಬರೆದುಕೊಳ್ಳುವ ಮೊದಲು, ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ತಪ್ಪೊಪ್ಪಿಗೆಯಾಗಿ ನಿಲ್ಲುವುದಿಲ್ಲ ಎಂದು ಶಿವಪುತ್ರ ಚೋಮಿಗೆ ಬಿಡಿಸಿ ಹೇಳಿದರು. ಆಕೆ ತಲೆಯಾಡಿಸಿದಳು. ಬರೆದು ಮುಗಿಸಿ ಓದಿದಾಗ ನಡುವೆ ತಡೆದಳು.

"ನನ್ ತಮ್ಮಂದು ಬಂದಿಲ್ವಲ್ಲ ಸಾರ್. ಬಂಡೆ ಮೇಲೂ ಅವನು ಹಗ್ಗ ಬಿಟ್ಟಿಲ್ಲ, ಇಲ್ಲೂ ಬಿಟ್ಟಿಲ್ಲ. ಬಿಟ್ಟೋಳು ನಾನು. ಹಂಗಂತ ಬರೀರಿ."

"ಬರೀತೀನಿ. ಆದ್ರೆ ಆಗ್ಲೇ ಹೇಳಿದ್ನಲ್ಲ, ಕೋರ್ಟಲ್ಲಿ ಇದಕ್ಕೆ ಬೆಲೆ ಇಲ್ಲ."

"ಕೋರ್ಟಿಗಲ್ಲ," ಎಂದಳು ಚೋಮಿ. "ಹಾಡಿಗೆ. ಒಂದ್ ಕಾಪಿ ಕೊಡಿ. ಅಲ್ಲಿ ಓದೋರು ಯಾರೂ ಇಲ್ಲ, ಆದ್ರೂ ಆ ಬುಕ್ಕನ್ನ ನಂಬುದ್ರಲ್ಲ, ಇದನ್ನೂ ನಂಬ್ಲಿ."