ತಿಪ್ಪೆಯ ಗಾಳಿ, ಮುಚ್ಚಿಟ್ಟ ಮಜ್ಜಿಗೆ

“ನಮ್ಮ ನೂಲಿನ ಹಾಸಿನ ಬುಡಕ ಏನ ಇಟ್ಟೀರಿ? ಮಾಟ ಮಾಡಾಕ ಬಂದೀರೇನ?”

ಭಾಗವ್ವನ ದನಿಗೆ ಮುರಗೆಪ್ಪ ಬೆಚ್ಚಿದ. ಕೈಯಲ್ಲಿದ್ದ ಗಾಜಿನ ತಟ್ಟೆ ಜಾರಿ, ಅದರೊಳಗಿನ ಗಂಜಿ ಅವನ ಬಿಳಿ ಧೋತರದ ಮೇಲೆಯೇ ಚೆಲ್ಲಿತು.

ಬನಹಟ್ಟಿಯ ನೇಕಾರ ಕಾಶಪ್ಪನ ಮಗಳು ಆಕೆ. ಊರ ತಿಪ್ಪೆಯ ಪಕ್ಕದ ಬಯಲಿನಲ್ಲಿ ನೂಲನ್ನು ಉದ್ದಕ್ಕೆ ಹಾಸಿ, ಗಂಜಿ ಹಚ್ಚಿ ಒಣಗಿಸುವುದು ಅವಳ ಕೆಲಸ. ಮನೆಯಲ್ಲಿ ಅಷ್ಟು ಜಾಗವೆಲ್ಲಿ? ಆ ಬಯಲೊಂದೇ ಆಧಾರ.

“ಮಾಟ ಅಲ್ಲರಿ. ನಾ ಸಂಸ್ಥಾನದ ಆರೋಗ್ಯ ಖಾತೆ ಇನ್ಸ್‌ಪೆಕ್ಟರ್. ತಿಪ್ಪಿ ಗಾಳ್ಯಾಗ ಕಣ್ಣಿಗೆ ಕಾಣದ ಜಂತು ಇರತಾವು. ಅವನ್ನ ಹಿಡ್ಯಾಕ ಕುದಿಸಿದ ಗಂಜಿ ಇಟ್ಟೇನಿ.”

“ಕಾಣದ್ದನ್ನ ಹಿಡೀತಾರಂತ. ಮೊದಲ ಧೋತರ ಝಾಡಸ್ರಿ ಸಾಹೇಬ್ರ, ಇರಿವಿ ಹತ್ಯಾವು.”

ಅವನು ನಕ್ಕ. ಆ ನಗು ಸಂಜೆ ಅವಳ ಜೊತೆಗೇ ಮನೆಗೆ ನಡೆದು ಬಂತು...

ಮುರಗೆಪ್ಪನೂ ರಬಕವಿಯ ನೇಕಾರರ ಮನೆಯವನೆಂದು ತಿಳಿದ ಮೇಲೆ ಕಾಶಪ್ಪ ಅವನನ್ನು ಕರೆದು ಕೂರಿಸತೊಡಗಿದ. ಭಾಗವ್ವ ಮಜ್ಜಿಗೆ ಕೊಡುವಳು. ಅವನು ಕುಡಿಯುವ ಮುನ್ನ ಚೆಂಬಿನೊಳಗೆ ಇಣುಕುವನು.

“ಜಂತು ಹುಡಕತೀರೇನ?”

“ಇಲ್ಲರಿ, ಕೊತ್ತಂಬರಿ.”

ಒಮ್ಮೆ ಅವನು ಮೆಲ್ಲಗೆ ಹೇಳಿದ. “ನಿಮ್ಮಪ್ಪ ಮಗ್ಗದ ಲಾಳಿ ತೂತಿನ್ಯಾಗಿಂದ ಎಳಿ ಬಾಯಿಲೆ ಹೀರಿ ತೆಗಿತಾರ. ಆ ನೂಲೂ ಇದ ತಿಪ್ಪಿ ಗಾಳ್ಯಾಗ ಒಣಗಿದ್ದು. ಅವರ ಕೆಮ್ಮು ಕೇಳಿದ್ರ ನನಗ ಅಂಜಿಕಿ ಬರತೈತಿ.”

ಅಪ್ಪನಿಗಾಗಿ ಅಂಜುವ ಮತ್ತೊಂದು ಜೀವ... ಭಾಗವ್ವನ ಎದೆ ತುಂಬಿತು.

ಮರುವಾರವೇ ಡಂಗುರ ಸಾರಿದರು. ಇನ್ಸ್‌ಪೆಕ್ಟರರ ವರದಿಯಂತೆ ಆ ಬಯಲಿನಲ್ಲಿ ಇನ್ನು ಯಾರೂ ನೂಲು ಹಾಸುವಂತಿಲ್ಲ!

‘ನನ್ನ ಕೈಯ ಮಜ್ಜಿಗೆ ಕುಡಿದು ನನ್ನ ಹೊಟ್ಟೆಯ ಮೇಲೇ ಹೊಡೆದನೇ...’

ಮುರಗೆಪ್ಪ ಬಂದಾಗ ಅವಳು ಕದ ಹಾಕಿಕೊಂಡಳು.

“ತಿಪ್ಪಿ ಎತ್ತರಿ ಅಂತ ನಾ ಬರದೆ, ಭಾಗವ್ವ. ಕಚೇರ್ಯಾಗಿನವರು ನಿಮ್ಮನ್ನ ಎತ್ತಿದ್ರು. ನನ್ನ ಗಂಜಿ ತಟ್ಟ್ಯಾಗ ಬೆಳದ ಜಂತಿನ ಕಲಿ ತೋರಿಸಿದ್ರ, ನಾಕು ಕಲಿಗೆ ಅಂಜತಿಯೇನೋ ಅಂತ ನಕ್ಕರು.”

ಕದ ತೆರೆಯಲಿಲ್ಲ.

ಅವನ ಜಂತಿನ ಮಾತು ಸುಳ್ಳೆಂದು ತೋರಿಸಲೆಂದೇ ಭಾಗವ್ವ ಎರಡು ಗಡಿಗೆ ಗಂಜಿ ಕುದಿಸಿದಳು. ಒಂದಕ್ಕೆ ಬಿಸಿಯಿದ್ದಾಗಲೇ ಮುಚ್ಚಳವಿಟ್ಟು ಕಣಕ ಮೆತ್ತಿದಳು. ಇನ್ನೊಂದನ್ನು ತೆರೆದೇ ಬಿಟ್ಟು, ಎರಡನ್ನೂ ತಿಪ್ಪೆಯ ಪಕ್ಕದಲ್ಲಿಟ್ಟಳು.

ಕೆಲವು ದಿನ ಬಿಟ್ಟು ನೋಡಿದರೆ, ಮುಚ್ಚಿದ ಗಂಜಿ ಇಟ್ಟ ಹಾಗೇ ಇತ್ತು. ತೆರೆದದ್ದರಲ್ಲಿ ಹಸಿರು, ಹಳದಿ, ಕೆಂಪು ಕಲೆಗಳು, ಮೇಲೆ ಬೂಸಲು, ಹತ್ತಿರ ನಿಲ್ಲಲಾಗದ ನಾತ.

‘ಇದನ್ನೇ ಅಪ್ಪ ದಿನಾ ಬಾಯಿಂದ ಹೀರುತ್ತಿದ್ದನಾ...’ ಅವಳು ಓಣಿಯ ಹೆಂಗಸರನ್ನೆಲ್ಲ ಕೂಗಿ ಕರೆದು ತೋರಿಸಿದಳು.

ಆರೋಗ್ಯ ಖಾತೆಯ ಕಚೇರಿಗೆ ಹೊರಟಾಗ ನಾರುವ ಗಡಿಗೆ ಅವಳ ತಲೆಯ ಮೇಲಿತ್ತು, ಅವರೆಲ್ಲ ಬೆನ್ನಿಗಿದ್ದರು. ಕಚೇರಿಯ ಮೇಜಿನ ಮೇಲೇ ಅದನ್ನು ಇಳಿಸಿದಳು.

“ನಾಕು ಕಲಿ ಅಲ್ಲರಿ, ಗಡಿಗಿ ತುಂಬ ತಂದೇನಿ. ತಿಪ್ಪಿ ಎತ್ತೂತನಕ ಇದು ಇಲ್ಲೇ ಇರತೈತಿ.”

ತಿಪ್ಪೆಯನ್ನು ದೂರದ ಹಳೇ ಕಲ್ಲುಗಣಿಗೆ ಸಾಗಿಸಲು ಅಪ್ಪಣೆಯಾಗುವವರೆಗೂ ಅಲ್ಲಿದ್ದವರು ಮೂಗಿನಿಂದ ರುಮಾಲು ತೆಗೆಯಲಿಲ್ಲ. ಮೂಲೆಯಲ್ಲಿ ನಿಂತ ಮುರಗೆಪ್ಪನ ಕಣ್ಣು ಮಾತ್ರ ಒದ್ದೆಯಾಗಿತ್ತು, ತುಟಿ ನಗುತ್ತಿತ್ತು.

ತಿಪ್ಪೆ ಹೋದ ಬಯಲಿನಲ್ಲಿ ಮತ್ತೆ ನೂಲು ಹಾಸಿದ ದಿನ ಅವನು ಬಂದ.

“ಮಜ್ಜಿಗಿ ಐತೇನರಿ?”

“ಮುಚ್ಚಿ ಇಟ್ಟೇನಿ.”

“ನಾ ಬರತೇನಿ ಅಂತ ಯಾರ ಹೇಳಿದ್ರು?”

“ಯಾರೂ ಹೇಳಿಲ್ಲ. ಕದಾ ತೆಗೀಲಾರದ ದಿನಾನೂ ಮುಚ್ಚಿ ಇಟ್ಟಿದ್ನಿ.”

ಅವನು ಇಣುಕದೆಯೇ ಚೆಂಬು ಖಾಲಿ ಮಾಡಿದ.

“ನಮ್ಮವ್ವನ್ನ ನಿಮ್ಮಪ್ಪನ ಕಡೆ ಕಳಸಲೇನ, ಭಾಗವ್ವ?”

“ಕಳಸರಿ... ಅವರೂ ಚೆಂಬಿನ್ಯಾಗ ಇಣಿಕಿ ನೋಡತಾರೇನ?”

“ಇಲ್ಲ. ಸೊಸಿ ಮುಖಾ ನೋಡತಾಳ.”