ಹುಚ್ಚಮ್ಮ ಕೊಟ್ಟ ಆಶ್ರಯ

“ಯೆಮೆನ್ ಅಂತೆ, ಅರಬರಂತೆ, ಯೆಹೂದ್ಯರಂತೆ! ಸತ್ತು ಮಣ್ಣಾದೋರ ಸುದ್ದಿಗೋಸ್ಕರ ನಾಳೆ ನನ್ನ ಮಗಳ ಮದುವೆ ಮಾತು ಕೆಡಿಸ್ತೀಯೇನೇ?”

ವಸಂತಮ್ಮ ಸೊಸೆ ಧನ್ಯಾಳ ಬ್ಯಾಗನ್ನು ಎತ್ತಿ ಎಸೆದರು. ಅದರೊಳಗಿದ್ದ, ಏಳು ವರ್ಷ ದುಡಿದು ಬರೆದ ಪ್ರಬಂಧ ಕಾಫಿ ಒಣಗಿಸುವ ಕಣದಲ್ಲಿ ಹೋಗಿ ಬಿತ್ತು. ಧನ್ಯಾ ಓಡಿಹೋಗಿ ಅದನ್ನು ಎದೆಗವಚಿಕೊಂಡಳು. ನಾಳೆ ಹನ್ನೊಂದು ಗಂಟೆಗೆ ವಿಶ್ವವಿದ್ಯಾಲಯದಲ್ಲಿ ಅವಳ ಪಿಎಚ್‌ಡಿಯ ಮೌಖಿಕ ಪರೀಕ್ಷೆ. ಒಮ್ಮೆ ಕಾಫಿ ಕುಯ್ಲಿಗೆ, ಇನ್ನೊಮ್ಮೆ ಮಾವನವರ ಪುಣ್ಯಸ್ಮರಣೆಗೆ ಎಂದು ಎರಡು ಸಲ ಮುಂದೆ ಹೋಗಿತ್ತು; ಇದೇ ಕೊನೆಯ ಅವಕಾಶ. ಅದು ಗೊತ್ತಿದ್ದೂ ನಾದಿನಿ ದೀಪಶ್ರೀಯನ್ನು ನೋಡಲು ಆಲ್ದೂರಿನವರನ್ನು ಅತ್ತೆ ಅದೇ ದಿನ, ಅದೇ ಹೊತ್ತಿಗೆ ಕರೆದಿದ್ದರು! ವರ್ಷದಲ್ಲಿ ಬೇರೆ ದಿನವೇ ಇರಲಿಲ್ಲವೇ...?

“ತಿಂಗಳ ಹಿಂದೇನೇ ಹೇಳಿದ್ನಲ್ಲ ಅತ್ತೆ...”

“ನೀನು ಹೇಳಿದ್ದೆ, ಸರಿ. ಬೀಗರಾಗೋರಿಗೆ ಮನೆ ಸೊಸೆ ಕಾಫಿ ಕೊಡದೆ ಇನ್ಯಾರು ಕೊಡ್ತಾರೆ? ಹೋಗೋದಿದ್ರೆ ಹೋಗು, ಮತ್ತೆ ಈ ಗೇಟು ದಾಟ್ಬೇಡ!”

ಧನ್ಯಾ ಗಂಡನ ಕಡೆ ನೋಡಿದಳು. ರೇಣುಕಪ್ರಸಾದ್ ಪೇಪರಿನಿಂದ ಮುಖ ಎತ್ತಲಿಲ್ಲ. “ಇನ್ನೊಂದು ಡೇಟ್ ಕೇಳಿದ್ರಾಯ್ತು ಬಿಡೇ,” ಎಂದ. ಮಹಾರಾಯ! ಕಟ್ಟಿಕೊಂಡವಳ ಪರವಾಗಿ ಒಂದು ಮಾತು ಆಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಯೆಮೆನ್ನಿನ ಬೆಟ್ಟಗಳಲ್ಲಿ ಯೆಹೂದ್ಯರು ಬೆಳ್ಳಿ ಕೆಲಸ, ನೇಯ್ಗೆ ಮಾಡಿಕೊಂಡು ಅರಬ್ ಬುಡಕಟ್ಟುಗಳ ನಡುವೆ ಬದುಕಿದ್ದ ಚರಿತ್ರೆಯೇ ಅವಳ ಪ್ರಬಂಧ. ಅವರು ಆಯುಧ ಹಿಡಿಯುವಂತಿರಲಿಲ್ಲ. ಬುಡಕಟ್ಟಿನ ಮುಖಂಡ ಅವರನ್ನು ಕಾಯಬೇಕು. ಅವರನ್ನು ಯಾರಾದರೂ ಮುಟ್ಟಿದರೆ ಅವಮಾನ ಇಡೀ ಬುಡಕಟ್ಟಿಗೆ. ಕಾಯುವವನೇ ಕಾಡಿದರೆ ಇನ್ನೊಂದು ಬುಡಕಟ್ಟಿನ ಬಾಗಿಲಿಗೆ ಹೋಗಿ ಆಶ್ರಯ ಕೇಳುತ್ತಿದ್ದರು. ಆಗ ಮೊದಲಿನವನು ನಾಲ್ಕು ಜನರೆದುರು ತಲೆ ತಗ್ಗಿಸಬೇಕಿತ್ತು. ಕೊನೆಯ ಅಧ್ಯಾಯ ಪೂರ್ತಿ ಧನ್ಯಾ ಇದನ್ನೇ ಬರೆದಿದ್ದಳು. ಓದಿದವರ ಹುಚ್ಚು ನೋಡಿ, ಆ ಪದ್ಧತಿ ಬಣಕಲ್ಲಿನ ಪಕ್ಕದ ಈ ಎಸ್ಟೇಟಿನಲ್ಲೂ ನಡೆದೀತು ಎಂದುಕೊಂಡಳು! ಬ್ಯಾಗು ಹಿಡಿದು ನೇರ ತೋಟದ ಆಳುಗಳ ಲೈನ್ ಮನೆಗಳಿಗೆ ಇಳಿದು, ಕೂಲಿಯ ಹುಚ್ಚಮ್ಮನ ಬಾಗಿಲಲ್ಲಿ ನಿಂತಳು.

“ಹುಚ್ಚಮ್ಮಾ, ಇವತ್ತೊಂದಿನ ಇಲ್ಲಿರ್ತೀನಿ. ಬೆಳಿಗ್ಗೆ ಬಸ್ ಹತ್ತಿ ಹೋಗ್ತೀನಿ.”

“ಅಯ್ಯೋ ಚಿಕ್ಕಮ್ಮಾವ್ರೇ, ಹೊರಗ್ಯಾಕೆ ನಿಂತ್ರಿ? ಒಳಗೆ ಬನ್ನಿ.” ಹುಚ್ಚಮ್ಮ ಚಾಪೆ ಹಾಸಿ ಬೆಲ್ಲದ ಕಾಫಿ ಕೊಟ್ಟಳು. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಮೂಲೆಯಲ್ಲಿ ಅವಳ ಗಂಡ ಭೂತಯ್ಯ ಮಲಗಿದ್ದ. ಇದೇ ತೋಟದಲ್ಲಿ ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಎರಡು ವರ್ಷವಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ವಸಂತಮ್ಮ ಬಂದೇಬಿಟ್ಟರು. ತಲೆ ತಗ್ಗಿಸಲು ಬಂದವರಲ್ಲ! ಸೊಸೆಯ ಮುಖ ಕೂಡ ನೋಡದೆ ಹುಚ್ಚಮ್ಮನಿಗೆ ಹೇಳಿದರು.

“ಇವಳನ್ನ ಈಗ್ಲೇ ಹೊರಗೆ ಕಳಿಸು. ಇಲ್ದಿದ್ರೆ ಈ ಲೈನ್ ಮನೆ ಖಾಲಿ ಮಾಡು.”

ಹುಚ್ಚಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಆಯ್ತಮ್ಮಾವ್ರೇ, ನಾಳೆ ಮಾಡ್ತೀನಿ. ಇವತ್ತಾಗಲ್ಲ. ಮನೆಗೆ ಬಂದೋರು ಇದಾರೆ.”

ಧನ್ಯಾ ಮೂಲೆಯಲ್ಲಿ ಮಲಗಿದ್ದ ಭೂತಯ್ಯನ ಕಡೆ ತಿರುಗಿದಳು. ಮೂರು ತಲೆಮಾರು ಇದೇ ತೋಟದಲ್ಲಿ ಬೆವರು ಸುರಿಸಿದವರು... ಏಳಲಾಗದ ಈ ಮನುಷ್ಯನನ್ನು ಹೊತ್ತುಕೊಂಡು ಎಲ್ಲಿಗೆ ಹೋಗಬೇಕು? ತನ್ನ ಒಂದು ಪದವಿಗೆ ಇವರ ಸೂರು ಬೆಲೆಯೇ? ಛೆ!

ಅವಳು ಎದ್ದು ಹುಚ್ಚಮ್ಮನ ಕೈ ಹಿಡಿದಳು. “ದಾರಿ ಬಿಡು ಹುಚ್ಚಮ್ಮಾ... ನೀನು ಕೊಡೋದು ಕೊಟ್ಟಾಯ್ತು.”

“ಬೇಡಿ ಚಿಕ್ಕಮ್ಮಾವ್ರೇ, ನಿಮ್ಮ ಓದು...!”

“ಅತ್ತೆ, ನಾನು ಮನೆಗೆ ಬರ್ತೀನಿ, ನಾಳೆ ಕಾಫಿ ಕೊಡ್ತೀನಿ. ಇವರ ಮನೆ ಸುದ್ದಿಗೆ ಬರಬೇಡಿ.”

ಗೆದ್ದ ವಸಂತಮ್ಮ ಮುಂದೆ, ಬ್ಯಾಗು ಹಿಡಿದ ಧನ್ಯಾ ಹಿಂದೆ ಏರು ಹತ್ತಿದರು.

ಮರುದಿನ ಆಲ್ದೂರಿನವರು ಬಂದರು. ಉಪ್ಪಿಟ್ಟು ತಿನ್ನುತ್ತಾ ಹುಡುಗನ ತಾಯಿ ಕೇಳಿದರು, “ನಿಮ್ಮ ಸೊಸೆ ಏನ್ ಓದಿದಾರೆ?”

“ಪಿಎಚ್‌ಡಿ! ಯೆಮೆನ್ ಯೆಹೂದ್ಯರ ಮೇಲೆ. ಓದೋ ಹೆಣ್ಮಕ್ಕಳಿಗೆ ನಮ್ಮನೇಲಿ ಯಾರೂ ಅಡ್ಡಿ ಮಾಡಲ್ಲ ನೋಡಿ,” ಎಂದು ವಸಂತಮ್ಮ ಹೆಮ್ಮೆಯಿಂದ ನಕ್ಕರು.

ಗೋಡೆಯ ಗಡಿಯಾರ ಹನ್ನೊಂದು ಹೊಡೆಯಿತು.

“ಹೌದಾ? ಎಲ್ಲಾ ಮುಗೀತೇನಮ್ಮಾ?”

ಧನ್ಯಾ ಕಾಫಿ ತಟ್ಟೆಯನ್ನು ಕೆಳಗಿಟ್ಟಳು. “ಇಲ್ಲ. ಕೊನೇ ಅಧ್ಯಾಯ ತಪ್ಪು ಬರ್ದಿದ್ದೆ. ಆಶ್ರಯ ಕೇಳಿದೋರ ಬಗ್ಗೆ ಬರ್ದೆ. ಕೊಟ್ಟೋರಿಗೆ ಏನಾಯ್ತು ಅಂತ ಕೇಳೇ ಇರ್ಲಿಲ್ಲ.”

ಅತಿಥಿಗಳಿಗೆ ಅರ್ಥವಾಗಲಿಲ್ಲ. ವಸಂತಮ್ಮನ ನಗು ಮಾತ್ರ ಅಲ್ಲಿಗೇ ನಿಂತಿತು. ಧನ್ಯಾ ತಟ್ಟೆಯಿಂದ ಎರಡು ಲೋಟ ಕಾಫಿ ಎತ್ತಿಕೊಂಡು, ಎಲ್ಲರೆದುರು ಮುಂಬಾಗಿಲಿನಿಂದಲೇ ಹುಚ್ಚಮ್ಮನ ಲೈನ್ ಮನೆ ಕಡೆ ಇಳಿದುಹೋದಳು.