ಹರಿದದ್ದು ಎಷ್ಟನೇ ತಂತಿ?

ನಿಮ್ಮಜ್ಜಿಯ ಅಜ್ಜಿಗೆ ಇನ್ನೂ ಹಲ್ಲು ಮೂಡಿರದ ಕಾಲದಲ್ಲಿ ಕಂಕಣಾವತಿ ಅಂತ ಒಂದು ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ದಿನಾ ಸಂಜೆ ಸಂಗೀತ. ಮುಂದೆ ಹಾಡುವವರು, ಅವರ ಹಿಂದೆ ಕೊಳಲಿನವರು, ಅವರ ಹಿಂದೆ ಮದ್ದಳೆಯವರು. ಎಲ್ಲರಿಗಿಂತ ಹಿಂದೆ, ಆರನೇ ಕಂಬದ ಮರೆಯಲ್ಲಿ, ಮಂದ್ರವೀಣೆಯವರು ಇಬ್ಬರು. ಮಂದ್ರವೀಣೆ ಅಂದರೆ ಆಳೆತ್ತರದ ವೀಣೆ. ನಾಲ್ಕೇ ತಂತಿ, ಒಂದೊಂದೂ ಹಸು ಕಟ್ಟುವ ಹಗ್ಗವೇ ಅನ್ನಿ. ಮೀಟಿದರೆ ಕಿವಿಗೆ ಕೇಳುವುದು ಕಮ್ಮಿ, ಕೂತ ಚಾಪೆಗೆ ಗೊತ್ತಾಗುವುದೇ ಜಾಸ್ತಿ.

ಒಬ್ಬನು ಮಂಚಯ್ಯ, ಇನ್ನೊಬ್ಬಳು ದೇವೀರಿ. ಅವನು ಹತ್ತು ವರ್ಷಕ್ಕೆ ದೊಡ್ಡವನು. ಮಂಚಣ್ಣ ಅಂತಲೇ ಅವಳು ಕರೆಯುತ್ತಿದ್ದಳು. ಕಛೇರಿ ಮುಗಿದು ಉಳಿದವರೆಲ್ಲ ಊಟಕ್ಕೆ ಓಡಿದರೆ ಇವರಿಬ್ಬರದು ಆಗ ಶುರು.

"ಕುದುರೆ ಬದಲಾಯಿಸಿದಂಗಿದೆಯಲ್ಲ ಮಂಚಣ್ಣ?" ಎನ್ನುವಳು ದೇವೀರಿ. ತಂತಿಗಳನ್ನು ಹೊತ್ತುಕೊಳ್ಳುವ ಪುಟ್ಟ ಮರದ ತುಂಡಿಗೆ ಕುದುರೆ ಅನ್ನುತ್ತಾರೆ.

"ಹೊನ್ನೆ ಮರದ್ದು ಹಾಕಿದೆ ಕಣೆ. ಹಲಸಿನದರಲ್ಲಿ ನಾದ ಬೇಗ ಸತ್ತುಹೋಗುತ್ತೆ."

"ನನ್ನದು ಹಲಸಿನದೇ. ಮೊನ್ನೆ ಮೀಟಿದ್ದು ಇನ್ನೂ ಗುಂಯ್ ಅಂತಿದೆ."

ಅಲ್ಲಿಂದ ಮಾತು ತಂತಿ ಬಿಗಿಯುವ ಬಿರಡೆಗೆ ಹೋಗುತ್ತಿತ್ತು, ಬಿರಡೆಯಿಂದ ತಂತಿಗೆ. ಮೇಕೆ ನರ ಒಳ್ಳೆಯದೋ ಟಗರಿನ ನರವೋ, ಹಳೇ ತಂತಿಯ ಜಿಡ್ಡು ಒರೆಸಬೇಕೋ ಬಿಡಬೇಕೋ. ತಂತಿ ಅದಲುಬದಲಾಗದಿರಲಿ ಅಂತ ತುದಿಗೆ ಬಣ್ಣದ ದಾರ ಸುತ್ತುತ್ತಿದ್ದರು. ಒಂದನೇದಕ್ಕೆ ಬಿಳಿ, ಎರಡನೇದಕ್ಕೆ ಕೆಂಪು, ಮೂರನೇದಕ್ಕೆ ಹಸಿರು, ನಾಲ್ಕನೇದಕ್ಕೆ ಕಪ್ಪು. ಆ ದಾರದ ಮೇಲೇ ಅರ್ಧ ಗಂಟೆ ಮಾತಾಡಬಲ್ಲವರು ಅವರು. ಕೊನೆಗೆ ಮಂಚಯ್ಯ ಮಹಾರಾಜರ ಪಟ್ಟಾಭಿಷೇಕದ ಕತೆಗೆ ಬರುತ್ತಿದ್ದ.

"ಮೂರು ಸಾವಿರ ಜನ. ಪಲ್ಲವಿ ನಡುವೆ ನನ್ನ ಮೂರನೇ ತಂತಿ ಟಪ್ ಅಂತ ಹರೀತು. ಒಂದು ನರಪಿಳ್ಳೆಗೂ ಗೊತ್ತಾಗದಂಗೆ ಮಿಕ್ಕ ಮೂರರಲ್ಲಿ ಮುಗಿಸಿದೆ."

"ಎರಡನೇದಲ್ವಾ ಅಣ್ಣಾ?"

"ಮೂರನೇದು ಕಣೆ. ತಂತಿ ನನ್ನದು, ನನಗೆ ಗೊತ್ತಿರಲ್ವಾ?"

ದೇವೀರಿ ನಗುತ್ತ ವೀಣೆಗೆ ಗವಸು ಹಾಕುತ್ತಿದ್ದಳು. ಮನೆಗೆ ಹೋದರೆ ಅವಳಿಗೆ ಮಾತಾಡಲು ಒಬ್ಬರೂ ಇರಲಿಲ್ಲ. ದಿನದಲ್ಲಿ ಅವಳು ಆಡುತ್ತಿದ್ದ ಮಾತೆಲ್ಲ ಆ ಕಂಬದ ಮರೆಯಲ್ಲೇ.

ಇನ್ನು ಆ ರಾಜ್ಯದ ಗುಟ್ಟು ಕೇಳಿ. ನೆರಳು ನೆಲಕ್ಕೆ ಅಂಟಿಕೊಂಡಿರುವುದೇ ಮಂದ್ರದ ನಾದದಿಂದ. ಇಬ್ಬರು ಕೂಡಿ ಮೀಟಿದರೆ ನೆರಳು ನಿಲ್ಲುತ್ತದೆ, ಒಬ್ಬರಿಂದ ಆಗುವುದಿಲ್ಲ. ಈ ಗುಟ್ಟು ರಾಜನಿಗೂ ಗೊತ್ತಿರಲಿಲ್ಲ, ಬಾರಿಸುವವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಗವಿಬೆಟ್ಟದ ಮಾಂತ್ರಿಕ ಸಿಳ್ಳಯ್ಯ ಒಬ್ಬನೇ. ಅವನ ಮಂತ್ರವೆಲ್ಲ ಸಿಳ್ಳೆಯಲ್ಲಿ, ಅವನ ಊಟ ನೆರಳು. ಒಂದು ನೆರಳು ತಿಂದರೆ ಒಂದು ವರ್ಷ ಪ್ರಾಯ ಇಳಿಯುತ್ತಿತ್ತು.

ಒಂದು ದಿನ ದೇವೀರಿ ತಂತಿಗೆ ನರ ತರಲು ಕುರುಬರ ಹಟ್ಟಿಗೆ ಹೋಗಿದ್ದಳು. ಇದೇ ಸಮಯ ಅಂತ ಸಿಳ್ಳಯ್ಯ ಬಂದು ಒಂದು ಸಿಳ್ಳೆ ಹೊಡೆದ. ಮಂಚಯ್ಯ ತೊಡೆಯ ಮೇಲಿನ ವೀಣೆಯ ಸಮೇತ ಕಲ್ಲಾದ. ಇನ್ನೊಂದು ಸಿಳ್ಳೆಗೆ ಕಲ್ಲು ಗಾಳಿಯಲ್ಲಿ ಎದ್ದು ಬೆಟ್ಟ ಸೇರಿತು. ಮೂರನೇ ಸಿಳ್ಳೆಗೆ ಊರಿನ ನೆರಳೆಲ್ಲ ಕಿತ್ತುಬಂದವು. ಅವನ್ನು ಚೀಲಕ್ಕೆ ತುಂಬಿಕೊಂಡು ಹೋದ.

ನೆರಳಿಲ್ಲದ ಜನರ ಕಾಲು ನೆಲಕ್ಕೆ ಊರಲಿಲ್ಲ. ತಾಯಂದಿರು ಮಕ್ಕಳನ್ನು ತೊಟ್ಟಿಲಿಗೆ ಕಟ್ಟಿಹಾಕಿದರು. ಹಾಲು ಹೆಪ್ಪಾಗಲಿಲ್ಲ. ರಾಜ ಸಿಂಹಾಸನದ ಕೈ ಬಿಗಿಯಾಗಿ ಹಿಡಿದುಕೊಂಡು ಕೂತು ಹೇಳಿದ: "ಸಂಗೀತದಲ್ಲಿ ಏನೋ ಕಮ್ಮಿಯಾಗಿದೆ. ಇನ್ನೊಂದು ಕೊಳಲು ಸೇರಿಸಿ."

ಹಟ್ಟಿಯಲ್ಲಿದ್ದದ್ದರಿಂದ ನೆರಳು ಉಳಿಸಿಕೊಂಡಿದ್ದ ದೇವೀರಿ ಹೋಗಿ ಕೈಮುಗಿದಳು. "ಮಹಾಸ್ವಾಮಿ, ಮಂಚಯ್ಯ ಕಾಣ್ತಿಲ್ಲ."

"ಯಾವ ಮಂಚಯ್ಯ?" ಅಂದ ರಾಜ.

ಅವಳು ಕಂಬದ ಮರೆಗೆ ಬಂದು ಒಬ್ಬಳೇ ಬಾರಿಸಿದಳು. ಮುಗಿದ ಮೇಲೆ ಕೊಳಲಿನವನೊಬ್ಬನಿಗೆ ತನ್ನ ಕುದುರೆ ತೋರಿಸಹೋದಳು. ಅವನು ಆಕಳಿಸುತ್ತ ಊಟಕ್ಕೆ ತೇಲಿಹೋದ. ಪಕ್ಕದ ಖಾಲಿ ಚಾಪೆಯ ಮೇಲೆ ಮಂಚಯ್ಯನ ವೀಣೆಯ ಗವಸು ಬಿದ್ದಿತ್ತು. ಅದನ್ನು ನೋಡಿ ಅವಳಿಗೆ ಅಳು ಬಂತು. ಊರಿನ ನೆರಳು ಹೋದದ್ದಕ್ಕಲ್ಲ, ಬೈಯುವವನು ಹೋದದ್ದಕ್ಕೆ. ಗವಸನ್ನು ಮಡಿಸಿ ಸೊಂಟಕ್ಕೆ ಕಟ್ಟಿಕೊಂಡಳು. ವೀಣೆ ಹಿಡಿದು ಕೂತ ಕಲ್ಲೊಂದು ಗವಿಬೆಟ್ಟದ ಕಡೆ ಹಾರಿದ್ದನ್ನು ದನ ಕಾಯುವ ಹುಡುಗರು ಕಂಡಿದ್ದರು. ತನ್ನ ವೀಣೆಯನ್ನು ಬೆನ್ನಿಗೇರಿಸಿ ಅದೇ ದಾರಿ ಹಿಡಿದಳು.

ಬೆಟ್ಟದ ಬಾಗಿಲಲ್ಲಿ ಕಬ್ಬಿಣದ ಕೊಂಬಿನ ಟಗರು ಕಾವಲಿತ್ತು. ಅದು ಮಾತಾಡುತ್ತಿತ್ತು.

"ಕಲ್ಲು ಬಿಡಿಸೋಕೆ ಬಂದೆಯಾ? ಮೂರು ದಿನ ಟೈಮು. ಕಲ್ಲು ತಾನಾಗಿ ಒಂದು ಮಾತಾಡಿದರೆ ಮನುಷ್ಯ ಆಗ್ತಾನೆ. ಮೂರನೇ ದಿನ ಹೊತ್ತು ಮುಳುಗೋದರೊಳಗೆ ಆಡಲಿಲ್ಲ ಅಂದ್ಕೋ, ನೀನೂ ಪಕ್ಕದಲ್ಲೇ ಕಲ್ಲು."

"ಹೋದವರು ಯಾರಾದರೂ ಗೆದ್ದಿದ್ದಾರಾ?"

"ನಾನೂ ಹಿಂದೆ ಅರಮನೆ ಬಾಗಿಲು ಕಾಯ್ತಿದ್ದವನಮ್ಮ. ಸಿಳ್ಳಯ್ಯನ ಒಂದು ಸಿಳ್ಳೆಗೆ ಟಗರಾದೆ, ಇನ್ನೂ ಯಾರೂ ಬಿಡಿಸಿಲ್ಲ. ನೋಡು ಈಗ," ಅಂತ ಟಗರು ಕೊಂಬು ಅಲ್ಲಾಡಿಸಿತು.

ಮೊದಲ ದಿನ ದೇವೀರಿ ಕಲ್ಲಿನ ಮುಂದೆ ನಿಂತು ಸುಳ್ಳು ಹೇಳಿದಳು. "ಮಂಚಣ್ಣ, ರಾಜರು ನಿನಗೆ ಆನೆ ಕೊಟ್ಟಿದ್ದಾರೆ, ಬಿರುದು ಕೊಟ್ಟಿದ್ದಾರೆ, ಮುಂದಿನ ಸಾಲಲ್ಲಿ ಕೂರಬೇಕಂತೆ." ಕಲ್ಲು ಮಾತಾಡಲಿಲ್ಲ. ಮುಂದಿನ ಸಾಲು ಅವನಿಗೆ ಯಾವತ್ತು ಬೇಕಿತ್ತು?

ಎರಡನೇ ದಿನ ಕಲ್ಲಿನ ಪಾದ ಹಿಡಿದು ಅತ್ತಳು. "ನೀನಿಲ್ಲದೆ ನನಗೆ ಯಾರೂ ಇಲ್ಲ ಅಣ್ಣಾ." ಕಲ್ಲು ಮಾತಾಡಲಿಲ್ಲ. ಯಾರಾದರೂ ಅತ್ತರೆ ಮಂಚಯ್ಯ ಮೊದಲಿನಿಂದಲೂ ದಿಕ್ಕು ತೋಚದೆ ಸುಮ್ಮನಾಗುವವನೇ.

ಮೂರನೇ ದಿನ ವೀಣೆ ತೆಗೆದು ಬೆರಳು ಬೊಬ್ಬೆ ಬರುವವರೆಗೆ ಬಾರಿಸಿದಳು. ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಬಾರಿಸಿರಲಿಲ್ಲ. ಕಲ್ಲು ಮಾತಾಡಲಿಲ್ಲ. ಒಬ್ಬರು ಬಾರಿಸುವಾಗ ಇನ್ನೊಬ್ಬರು ಬಾಯಿ ಬಿಡಬಾರದು ಅನ್ನುವುದು ಅವನದೇ ನಿಯಮ.

ಗವಿಯ ಬಾಯಲ್ಲಿ ಸಿಳ್ಳಯ್ಯ ಕೂತು, ಹಿಂದೆಂದೋ ಬೇರೆ ಊರಿಂದ ತಂದ ಹಳೇ ನೆರಳೊಂದನ್ನು ಮುರಿದು ಬಾಯಿಗಿಟ್ಟುಕೊಂಡ. "ಆಯ್ತೇನಮ್ಮಾ?"

"ಆಯ್ತು," ಅಂದಳು ದೇವೀರಿ.

ಸೂರ್ಯ ಇಳಿಯತೊಡಗಿದ. ಅವಳ ಪಾದ ಕಲ್ಲಾಯಿತು, ಮೊಣಕಾಲು ಕಲ್ಲಾಯಿತು. ಭಯವಾಗಬೇಕಿತ್ತು, ಆಗಲಿಲ್ಲ. ಬೆನ್ನನ್ನು ಮಂಚಯ್ಯನ ಭುಜಕ್ಕೆ ಆನಿಸಿದಳು. ಇನ್ನು ಮೇಲೆ ಪಕ್ಕಪಕ್ಕವೇ ಇರುತ್ತೇವಲ್ಲ ಅಂದುಕೊಂಡಳು. ಕಛೇರಿ ಮುಗಿದ ಹೊತ್ತು ಅದು. ಅಭ್ಯಾಸ ಬಿಡುತ್ತದೆಯೇ? ಯಾರಿಗೂ ಅಲ್ಲದೆ, ತನ್ನಷ್ಟಕ್ಕೇ ಮಾತಿಗಿಳಿದಳು. ಯಾವಾಗಲೂ ಅವನು ಹೇಳುತ್ತಿದ್ದ ಕತೆಯನ್ನು ಮೊದಲ ಸಲ ತಾನೇ ಹೇಳಿಕೊಂಡಳು.

"ಪಟ್ಟಾಭಿಷೇಕದ ದಿನ ಎಂಥಾ ಜನ. ಹೊಸ ಚಾಪೆ, ಕಾಲಿಗೆಲ್ಲ ಚುಚ್ತಿತ್ತು. ಪಲ್ಲವಿ ಸುತ್ತು ಹೊಡೀತಿತ್ತು. ನೀನು ಕಣ್ಣು ಮುಚ್ಚಿದ್ದೆ. ಆಗ ನಿನ್ನ ಎರಡನೇ ತಂತಿ ಟಪ್ ಅಂತ..."

"ಮೂರನೇದು."

ದೇವೀರಿ ಕತ್ತು ಹೊರಳಿಸಿದಳು. ಬೆನ್ನ ಹಿಂದಿನ ಕಲ್ಲು ಬೆಚ್ಚಗಾಗುತ್ತಿತ್ತು.

"ಎಷ್ಟು ಸಲ ಹೇಳಬೇಕೆ ನಿನಗೆ? ಮೂರನೇದು!" ಕಲ್ಲು ಕೆಮ್ಮಿತು, ಪುಡಿ ಉದುರಿತು, ವೀಣೆ ಸಮೇತ ಮಂಚಯ್ಯ ಕೂತಿದ್ದ. "ಎರಡನೇದು ಹರಿದಿದ್ದರೆ ಆ ಸುತ್ತು ಹೆಂಗೆ ಬಾರಿಸ್ತಿದ್ದೆ? ತಲೇಲಿ ಬುದ್ಧಿ ಬೇಡ್ವಾ?"

"ಬೆರಳನ್ನ ವೀಣೆಯ ಮೇಲಿನ ಮೆಟ್ಟಿಲಿಗೆ ಏರಿಸಿ ನೀನು ಮೂರನೇದರ ಮೇಲೇ ಬಾರಿಸಿದೆ. ನಾನು ಕಣ್ಣಾರೆ ನೋಡಿದೀನಿ," ಅಂದಳು ದೇವೀರಿ. ಅವಳ ಕಾಲು ಮತ್ತೆ ಕಾಲಾಗಿದ್ದವು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ತೆಗಿ ವೀಣೆ. ಈಗಲೇ ಬಾರಿಸಿ ತೋರಿಸ್ತೀನಿ. ನೀನು ನಿನ್ನ ಭಾಗ ಬಾರಿಸು."

ಸಿಳ್ಳಯ್ಯ ಎದ್ದು ಸಿಳ್ಳೆ ಹೊಡೆಯಲು ತುಟಿ ಚೂಪು ಮಾಡಿದ. ಅಷ್ಟರಲ್ಲಿ ಇಬ್ಬರ ಬೆರಳೂ ಒಟ್ಟಿಗೆ ತಂತಿಗೆ ಬಿತ್ತು. ಬೆಟ್ಟ ಒಮ್ಮೆ ನಡುಗಿತು. ಸಿಳ್ಳೆ ಅವನ ತುಟಿಯ ಮೇಲೇ ಒಡೆದುಹೋಯಿತು. ಮಂತ್ರವಿಲ್ಲದ ಮೈ ಕುಗ್ಗಿ ಕುಗ್ಗಿ ಕೊನೆಗೆ ಒಂದು ಜೀರುಂಡೆ ಉಳಿಯಿತು. ಅದು ಕಿರ್ರ್ ಅನ್ನುತ್ತ ಪೊದೆ ಸೇರಿತು. ಚೀಲ ಬಿರಿದು ನೆರಳುಗಳು ಬೆಟ್ಟ ಇಳಿದು ತಂತಮ್ಮ ಯಜಮಾನರನ್ನು ಹುಡುಕಿಕೊಂಡು ಹೋದವು. ಟಗರು ಎರಡು ಕಾಲ ಮೇಲೆ ಎದ್ದು ನಿಂತು, ಹಣೆ ಮುಟ್ಟಿ ನೋಡಿಕೊಂಡು, ಅರಮನೆಯ ಕಡೆ ಓಟ ಕಿತ್ತಿತು. ಇವರಿಬ್ಬರಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ತಂತಿಯ ಜಗಳದಲ್ಲೇ ಮುಳುಗಿದ್ದರು.

ಊರಲ್ಲಿ ಹಾಲು ಹೆಪ್ಪಾಯಿತು, ಮಕ್ಕಳು ನೆಲದ ಮೇಲೆ ಓಡಿದರು. ರಾಜ ಸಂತೋಷಪಟ್ಟು ಕೊಳಲಿನವರಿಗೆಲ್ಲ ಶಾಲು ಹೊದಿಸಿದ. ಇವರಿಬ್ಬರು ಆರನೇ ಕಂಬದ ಹಿಂದಿನಿಂದ ಚಪ್ಪಾಳೆ ತಟ್ಟಿದರು.

ಒಂದು ಮಧ್ಯಾಹ್ನ ದೇವೀರಿ ಮನೆಯಲ್ಲಿ ಮಂಚಯ್ಯನ ಗವಸಿಗೆ ಹೊಲಿಗೆ ಹಾಕುತ್ತಿದ್ದಳು. ಒಳಮಡಿಕೆಯಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಎಳೆದರೆ ಸುರುಳಿ ಸುತ್ತಿದ ಹಳೇ ತಂತಿ. ಪಟ್ಟಾಭಿಷೇಕದ ಅರಿಶಿನ ಇನ್ನೂ ಅದಕ್ಕೆ ಮೆತ್ತಿಕೊಂಡಿತ್ತು. ನಡುವೆ ಹರಿದಿತ್ತು. ತುದಿಯಲ್ಲಿ ಸುತ್ತಿದ್ದ ದಾರ ಕೆಂಪು, ಎರಡನೇದರ ಬಣ್ಣ.

ಅವಳು ತಂತಿಯನ್ನು ಮತ್ತೆ ಸುರುಳಿ ಸುತ್ತಿದಳು. ಆಮೇಲೆ ಇದ್ದಲ್ಲೇ ಇಟ್ಟು, ಮಡಿಕೆಯ ಬಾಯಿ ಹೊಲಿದುಬಿಟ್ಟಳು.

ಅಂದು ಸಂಜೆ ಕಛೇರಿ ಮುಗಿಯಿತು. ಎಲ್ಲರೂ ಊಟಕ್ಕೆ ಓಡಿದರು. ದೇವೀರಿ ಕಂಬಕ್ಕೆ ಒರಗಿ ಕೂತು ಕೇಳಿದಳು: "ಪಟ್ಟಾಭಿಷೇಕದ ದಿನ ಹರಿದದ್ದು ಎರಡನೇ ತಂತಿ ಅಲ್ವಾ ಅಣ್ಣಾ?"

"ಮೂರನೇದು ಕಣೆ," ಅಂದ ಮಂಚಯ್ಯ.

ಅವಳು ಸೆರಗು ಸರಿಮಾಡಿಕೊಂಡು ಅವನ ಚಾಪೆಯ ಹತ್ತಿರಕ್ಕೆ ಜರುಗಿದಳು. ಕಂಕಣಾವತಿಯಲ್ಲಿ ಎಲ್ಲರೂ ಅವರವರ ನೆರಳಿನ ಜೊತೆ ಸುಖವಾಗಿದ್ದರು, ನಾವೂ ನಮ್ಮ ನೆರಳಿನ ಜೊತೆ ಸುಖವಾಗಿರೋಣ.